ಯಜಮಾನರ ಮೇಜಿನ ಪಕ್ಕದ ಕೆಂಪು ಟ್ರೇ

ನಾನು ಐಟಿಐ ಓದು ಮುಗಿಸಿ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಟರ್ನರ್ ಕೆಲಸಕ್ಕೆ ಸೇರಿದ್ದು 1980ರ ದಶಕದಲ್ಲಿ. ಆಗ ಅಲ್ಲಿನ ಹಲವು ವರ್ಕ್‌ಶಾಪುಗಳಲ್ಲಿ ಹೊಸ ಹುಡುಗರು ಲೇತ್ ಹಿಡಿಯುವುದಕ್ಕೂ ಮೊದಲೇ ಕಲಿತುಬಿಡುತ್ತಿದ್ದ ವಿದ್ಯೆಯೊಂದಿತ್ತು: ಕೆಟ್ಟ ಪೀಸನ್ನು ಬಚ್ಚಿಡುವುದು. ಲೇತಿನ ಕೆಳಗೆ ಬೀಳುವ ಕಬ್ಬಿಣದ ಸುರುಳಿಗಳ ರಾಶಿಯಲ್ಲಿ ಹೂತಿಡುವವರಿದ್ದರು. ಊಟದ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ ದಾರಿಯ ಮೋರಿಗೆ ಎಸೆಯುವವರಿದ್ದರು. ಒಳ್ಳೆಯ ಪೀಸುಗಳ ನಡುವೆ ಸೇರಿಸಿ ಕಳಿಸಿ, ಆ ಕಡೆಯ ಇನ್‌ಸ್ಪೆಕ್ಷನ್‌ನವರ ಕಣ್ಣಿಗೆ ಬೀಳದಿರಲಿ ಎಂದು ದೇವರಿಗೆ ಕೈಮುಗಿಯುವವರೂ ಇದ್ದರು. ಅವರನ್ನು ದೂರುವ ಹಾಗಿರಲಿಲ್ಲ. ಪೀಸು ಹಾಳಾದರೆ ಅದರ ಬೆಲೆಯನ್ನು ಸಂಬಳದಲ್ಲಿ ಹಿಡಿಯುತ್ತಿದ್ದರು. ಕೈಗೆ ಬರುತ್ತಿದ್ದದ್ದೇ ಅಷ್ಟಿಷ್ಟು. ಅದರಲ್ಲಿ ಮನೆ ಬಾಡಿಗೆ ಆಗಬೇಕು, ಊರಿಗೆ ಮನಿಯಾರ್ಡರ್ ಹೋಗಬೇಕು. ಬಚ್ಚಿಡದೆ ಏನು ಮಾಡಿಯಾರು?

ನನ್ನ ಯಜಮಾನರು ಎಚ್‌ಎಂಟಿಯ ಟೂಲ್‌ರೂಮಿನಲ್ಲಿ ದುಡಿದು, ರಾಜೀನಾಮೆ ಕೊಟ್ಟು ಬಂದು ಸ್ವಂತ ಶೆಡ್ ಹಾಕಿದವರು. ಬೆಂಗಳೂರಿನ ಸಣ್ಣ ಕೈಗಾರಿಕೆಯ ಚರಿತ್ರೆಯಲ್ಲಿ ಇಂಥವರದು ದೊಡ್ಡ ಪಾಲು. 1940ರಲ್ಲಿ ಎಚ್‌ಎಎಲ್, 1951ರಲ್ಲಿ ಮೈಕೋ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಆ ಕಾರ್ಖಾನೆಗಳಿಗೆ ಬೇಕಾದ ಬುಷ್, ಪಿನ್, ಶಾಫ್ಟುಗಳನ್ನು ಮಾಡಿಕೊಡಲು ಅಲ್ಲೇ ಕೈ ಪಳಗಿಸಿಕೊಂಡವರು ಹೊರಗೆ ಬಂದು ಒಂದೋ ಎರಡೋ ಲೇತ್ ಹಾಕಿಕೊಂಡು ಕೂತರು. ನಮ್ಮ ಯಜಮಾನರ ಶೆಡ್ಡೂ ಅಂಥದ್ದೇ. ಬೇರೆಯವರಿಗಿಂತ ಒಂದು ವ್ಯತ್ಯಾಸವಿತ್ತು. ಅವರ ಮೇಜಿನ ಪಕ್ಕದಲ್ಲಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಕೆಂಪು ಬಣ್ಣ ಬಳಿದ ಒಂದು ತಗಡಿನ ಟ್ರೇ ಇರುತ್ತಿತ್ತು. ಸೇರಿದ ದಿನವೇ ನನ್ನನ್ನು ಅದರ ಮುಂದೆ ನಿಲ್ಲಿಸಿ ಹೇಳಿದರು: 'ಹಾಳಾಗಿದ್ದೆಲ್ಲ ಇಲ್ಲಿಗೆ ಬರ್ಬೇಕು. ಸಂಬಳದಲ್ಲಿ ಒಂದು ಪೈಸೆ ಹಿಡಿಯಲ್ಲ. ಬಚ್ಚಿಟ್ಟಿದ್ದು ಗೊತ್ತಾದ್ರೆ ಮಾತ್ರ ನಾಳೆಯಿಂದ ಬರೋದು ಬೇಡ.'

ಸಂಜೆ ಮಷಿನುಗಳು ನಿಂತ ಮೇಲೆ ಅವರು ಟ್ರೇ ಎಳೆದುಕೊಂಡು ಕೂರುತ್ತಿದ್ದರು. ಒಂದೊಂದೇ ಪೀಸನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಬನಿಯನ್ ಬಟ್ಟೆಯಲ್ಲಿ ಒರೆಸಿ, ಮೈಕ್ರೋಮೀಟರಿನಲ್ಲಿ ಹಿಡಿದು ನೋಡುವರು. ಆಮೇಲೆ ಕನ್ನಡಕದ ಮೇಲಿನಿಂದ ಕಣ್ಣೆತ್ತಿ ಕೇಳುವ ಪ್ರಶ್ನೆ ಒಂದೇ: 'ಇದು ಯಾವಾಗ ಗೊತ್ತಾಯ್ತಪ್ಪಾ?'

ಯಾರು ಮಾಡಿದ್ದು ಎಂದು ಅವರು ಕೇಳಿದ್ದನ್ನು ನಾನು ಕಾಣೆ. ಮೊದಮೊದಲು ನನಗದು ಒಳ್ಳೆಯತನ ಅನ್ನಿಸಿತ್ತು. ಬರಬರುತ್ತಾ ಅದರೊಳಗಿನ ಲೆಕ್ಕ ತಿಳಿಯಿತು. ನಾಲ್ಕನೇ ಪೀಸಿಗೆ ಗೊತ್ತಾಗಿ ನಿಲ್ಲಿಸಿದ್ದರೆ ಹೋದದ್ದು ನಾಲ್ಕು ಪೀಸು. ಸಂಜೆಯವರೆಗೂ ಗೊತ್ತಾಗದೆ ಹೋಗಿದ್ದರೆ, ಅಥವಾ ಗೊತ್ತಾಗಿಯೂ ಸುಮ್ಮನಿದ್ದರೆ, ಇಡೀ ದಿನದ ದುಡಿಮೆ ಸಂಶಯಕ್ಕೆ ಬಿತ್ತು. ಅಲ್ಲದೆ ಹೊತ್ತು ತಿಳಿದರೆ ಕಾರಣದ ಜಾಡು ಸಿಗುತ್ತದೆ. ಊಟ ಮುಗಿಸಿ ಬಂದ ಮೇಲೆ ಕೆಟ್ಟಿತೋ, ಹೊಸ ರಾಡು ಹಾಕಿದ ಮೇಲೋ, ಟೂಲು ಸಾಣೆ ಹಿಡಿದ ಮೇಲೋ, ಕರೆಂಟು ಹೋಗಿ ಬಂದ ಮೇಲೋ? ಹೆಸರು ಕೇಳಿದ್ದರೆ ಹುಡುಗನೊಬ್ಬ ತಲೆ ತಗ್ಗಿಸಿ ನಿಲ್ಲುತ್ತಿದ್ದ, ಮಷಿನಿನ ದೋಷ ಹಾಗೇ ಉಳಿಯುತ್ತಿತ್ತು.

1990ರ ದಶಕದಲ್ಲಿ ನಾನು ಪೀಣ್ಯದ ಎರಡನೇ ಹಂತದಲ್ಲಿ ಒಂದು ಬಾಡಿಗೆ ಶೆಡ್ ಹಿಡಿದೆ. ಕೆಎಸ್‌ಎಫ್‌ಸಿ ಸಾಲ, ಹೆಂಡತಿಯ ಬಳೆ, ಎರಡು ಹಳೆಯ ಎಚ್‌ಎಂಟಿ ಲೇತು, ಒಂದು ಮಿಲ್ಲಿಂಗ್ ಮಷಿನು. ಯಜಮಾನರಿಂದ ಕಲಿತದ್ದರಲ್ಲಿ ಮೊದಲು ಜಾರಿಗೆ ತಂದದ್ದು ಕೆಂಪು ಟ್ರೇಯನ್ನು.

ನಾಯಕತ್ವ ಅಂದಕೂಡಲೇ ನಮ್ಮಲ್ಲಿ ವೇದಿಕೆ, ಮೈಕು, ಗಟ್ಟಿ ದನಿ ಕಣ್ಮುಂದೆ ಬರುತ್ತವೆ. ಹತ್ತು ಹದಿನೈದು ಜನ ದುಡಿಯುವ ಶೆಡ್ಡಿನಲ್ಲಿ ಅದಕ್ಕೆಲ್ಲ ಜಾಗವಿಲ್ಲ. ಅಲ್ಲಿ ಮಾಲೀಕನ ಮುಖವನ್ನು ಎಲ್ಲರೂ ದಿನವಿಡೀ ನೋಡುತ್ತಿರುತ್ತಾರೆ. ಬ್ಯಾಂಕಿನಿಂದ ಫೋನ್ ಬಂದಾಗ ಅವನ ದನಿ ಇಳಿದದ್ದು, ಪಾರ್ಟಿ ಪೇಮೆಂಟ್ ಬಂದ ದಿನ ಟೀ ಜೊತೆ ಬೋಂಡ ತರಿಸಿದ್ದು, ಯಾರ ಮೇಲೋ ಇದ್ದ ಸಿಟ್ಟನ್ನು ಇನ್ಯಾರ ಮೇಲೋ ತೀರಿಸಿಕೊಂಡದ್ದು, ಯಾವುದೂ ಗುಟ್ಟಲ್ಲ. ಹಾಗಾಗಿ ನನ್ನ ಮಟ್ಟಿಗೆ ನಾಯಕತ್ವದ ಪರೀಕ್ಷೆ ಇಷ್ಟೇ: ಶೆಡ್ಡಿನ ಮೂಲೆಯಲ್ಲಿ ಕೆಟ್ಟದ್ದೊಂದು ನಡೆದರೆ ಅದು ಮಾಲೀಕನ ಕಿವಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ, ಮುಟ್ಟಿಸಿದವನ ಗತಿ ಏನಾಗುತ್ತದೆ. ಮಿಕ್ಕದ್ದೆಲ್ಲ ಇದರ ಮೇಲೆ ನಿಂತಿದೆ ಎಂದು ಇಷ್ಟು ವರ್ಷ ಶೆಡ್ ನಡೆಸಿದ ಮೇಲೆ ಗಟ್ಟಿಯಾಗಿ ನಂಬಿದ್ದೇನೆ.

ಒಂದು ಬುಷ್ಷಿನ ಕತೆ ಹೇಳಬೇಕು. ಫಾಸ್ಫರ್ ಬ್ರಾಂಜಿನದು, ಒಳಗಿನ ಬೋರು 25 ಮಿಲಿಮೀಟರ್, ಡ್ರಾಯಿಂಗಿನಲ್ಲಿ ಎಚ್7 ಎಂದು ಬರೆದಿತ್ತು. ಅಂದರೆ ಬೋರು 25ಕ್ಕಿಂತ ಒಂದಿಷ್ಟೂ ಕಡಿಮೆ ಆಗುವ ಹಾಗಿಲ್ಲ. ಹೆಚ್ಚಾದರೆ 21 ಮೈಕ್ರಾನಿನೊಳಗೆ ಇರಬೇಕು. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಇದನ್ನು ನೋಡಲು ಪ್ಲಗ್ ಗೇಜ್ ಬಳಸುತ್ತೇವೆ. ಅದರ ಒಂದು ತುದಿ 'ಗೋ'. ಅದು ಬೋರಿನೊಳಗೆ ಸಲೀಸಾಗಿ ಇಳಿಯಬೇಕು. ಇನ್ನೊಂದು ತುದಿ 'ನೋ-ಗೋ', ಅದು ಇಳಿಯಲೇಬಾರದು. ಓದು ಬರಹ ಕಡಿಮೆ ಇದ್ದವರೂ ಅರೆಗಳಿಗೆಯಲ್ಲಿ ಒಳ್ಳೆಯದು ಕೆಟ್ಟದ್ದು ಹೇಳಬಹುದಾದ ಸಾಧನ ಅದು.

ರಾತ್ರಿ ಪಾಳಿಯಲ್ಲಿ ಹಾಸನದ ಕಡೆಯ ಹುಡುಗನೊಬ್ಬ ಆ ಕೆಲಸ ಮಾಡುತ್ತಿದ್ದ. ಬೋರಿಗೆ ರೀಮರ್ ಹಾಕಿ, ತೆಗೆದು, ಗೇಜ್ ಹಾಕಿ ನೋಡಿ, ಡಬ್ಬಕ್ಕೆ ಇಡುವುದು. ಎಲ್ಲ ಪೀಸಿಗೂ ಗೇಜ್ ಸರಿಯಾಗಿ ಇಳಿಯುತ್ತಿತ್ತು. ನಡುರಾತ್ರಿ ಟೀ ಕುಡಿಯಲು ಕೂತಾಗ ಅವನು ಏನೋ ಅನ್ನಿಸಿ ಸಾಯಂಕಾಲದ ಡಬ್ಬದಿಂದ ಒಂದು ಬುಷ್ ತೆಗೆದು ಗೇಜ್ ಹಾಕಿದ. ಇಳಿಯಲಿಲ್ಲ. ಇನ್ನೊಂದಕ್ಕೆ ಹಾಕಿದ, ಇಳಿಯಲಿಲ್ಲ. ಮಷಿನ್ ಆಫ್ ಮಾಡಿ ನನಗೆ ಫೋನ್ ಮಾಡಿದ. 'ಸಾರ್, ಬಿಸಿ ಇರುವಾಗ ಗೇಜ್ ಹೋಗ್ತದೆ, ತಣ್ಣಗಾದ ಮೇಲೆ ಹೋಗ್ತಿಲ್ಲ. ನಿಲ್ಲಿಸಿದೀನಿ.'

ಕಾರಣ ಬೆಳಕು ಹರಿಯುವಷ್ಟರಲ್ಲಿ ಸಿಕ್ಕಿತು. ಕೂಲೆಂಟ್ ಪಂಪಿನ ಪೈಪು ಕಸ ಕಟ್ಟಿಕೊಂಡು ಎಣ್ಣೆನೀರು ಸಣ್ಣಗೆ ಜಿನುಗುತ್ತಿತ್ತು. ಪೀಸು ಕಾಯುತ್ತಿತ್ತು. ಬ್ರಾಂಜು ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುವ ಲೋಹ. 25 ಮಿಲಿಮೀಟರ್ ಬೋರು 40 ಡಿಗ್ರಿ ಬಿಸಿಯೇರಿದರೆ ಸುಮಾರು 18 ಮೈಕ್ರಾನ್ ಹಿಗ್ಗುತ್ತದೆ. ನಮಗಿದ್ದ ಒಟ್ಟು ಅವಕಾಶವೇ 21. ಬಿಸಿಯಲ್ಲಿ ಸರಿಯೆಂದು ತೋರಿದ್ದು ಆರಿದ ಮೇಲೆ ಕುಗ್ಗಿ ಕೂತಿತ್ತು. ಅಳತೆಯೆಲ್ಲ 20 ಡಿಗ್ರಿಯ ಲೆಕ್ಕದಲ್ಲಿ ಎಂದು ಪ್ರಪಂಚದ ಎಂಜಿನಿಯರುಗಳು ಒಪ್ಪಿಕೊಂಡಿರುವುದು ಇದಕ್ಕೇ.

ಶೆಡ್ಡಿನಲ್ಲಿದ್ದ ಬುಷ್ಷುಗಳಿಗೆ ಮತ್ತೆ ರೀಮರ್ ಹಾಕಿ ಉಳಿಸಿಕೊಂಡೆವು. ಕಷ್ಟ ಇದ್ದದ್ದು ಬೇರೆ ಕಡೆ. ಆ ಮಧ್ಯಾಹ್ನದ ಒಂದು ಡಬ್ಬ ಆಗಲೇ ಟೆಂಪೋ ಹತ್ತಿ ಗಿರಾಕಿಯ ಸ್ಟೋರ್ಸು ಸೇರಿತ್ತು. ಬೆಳಗ್ಗೆ ಅವರ ಗೇಟು ತೆರೆಯುವ ಹೊತ್ತಿಗೆ ನಾನೇ ಹೋಗಿ ನಿಂತೆ. 'ನಿನ್ನೆ ಬಂದ ಡಬ್ಬದಲ್ಲಿ ಸಂಶಯ ಇದೆ. ಲೈನಿಗೆ ಬಿಡಬೇಡಿ. ಚಲನ್ ಮಾಡಿಕೊಡಿ, ವಾಪಸ್ ಒಯ್ತೀನಿ' ಅಂದೆ. ಪರ್ಚೇಸ್ ಅಧಿಕಾರಿ ನಾಲ್ಕು ಜನರ ಮುಂದೆ ಚೆನ್ನಾಗಿ ಬೈದರು. ಮುಂದಿನ ಆರ್ಡರ್ ಬೇರೆಯವರ ಪಾಲಾಯಿತು. ಸತ್ಯ ಹೇಳಿದ ಕೂಡಲೇ ಹೂವಿನ ಹಾರ ಹಾಕುತ್ತಾರೆಂದು ನಾನು ಯಾರಿಗೂ ಹೇಳುವುದಿಲ್ಲ. ಆ ತಿಂಗಳು ನಮಗೆ ನಷ್ಟವಾದದ್ದು ನಿಜ. ಆದರೆ ಮುಂದೆ ಅದೇ ಅಧಿಕಾರಿ ಒಂದು ಹೊಸ ಭಾಗದ ಡ್ರಾಯಿಂಗ್ ಹಿಡಿದು ನಮ್ಮ ಶೆಡ್ಡಿಗೇ ಬಂದರು. ಕೆಟ್ಟದ್ದನ್ನು ನೀವಾಗಿಯೇ ಬಂದು ಹೇಳುತ್ತೀರಲ್ಲ, ಹೊಸ ಐಟಂ ನಿಮ್ಮ ಹತ್ತಿರವೇ ಮಾಡಿಸೋಣ ಅಂದುಕೊಂಡೆ ಎಂದರು.

ಆ ಹುಡುಗನಿಗೆ ಅವತ್ತಿನ ರಾತ್ರಿಯ ಪೂರ್ತಿ ಓಟಿ ಬರೆಸಿದೆ, ಅದೂ ಎಲ್ಲರ ಎದುರಿಗೆ. ಮಷಿನ್ ನಿಂತಿದ್ದ ಹೊತ್ತಿಗೂ ದುಡ್ಡು ಕೊಟ್ಟದ್ದು ಕೆಲವರಿಗೆ ಸರಿಬೀಳಲಿಲ್ಲ. ಓಡಿಸಿದವರಿಗಿಲ್ಲದ್ದು ನಿಲ್ಲಿಸಿದವನಿಗೇಕೆ ಎಂದು ಗೊಣಗಿದರು. ಗೊಣಗಲಿ ಎಂದು ಬಿಟ್ಟೆ. ಯಾವುದಕ್ಕೆ ದುಡ್ಡು ಕೊಡುತ್ತೇವೆ ಅನ್ನುವುದನ್ನು ಕೆಲಸಗಾರರು ಬಲು ಚೆನ್ನಾಗಿ ಓದಿಕೊಳ್ಳುತ್ತಾರೆ. ಗೋಡೆಗೆ ಅಂಟಿಸಿದ 'ಗುಣಮಟ್ಟವೇ ನಮ್ಮ ಗುರಿ' ಬೋರ್ಡನ್ನು ಯಾರೂ ಓದುವುದಿಲ್ಲ.

ಟೊಯೋಟಾದವರು ಬಿಡದಿಗೆ ಬಂದ ಮೇಲೆ ಅವರಿಗೆ ಬಿಡಿಭಾಗ ಮಾಡಿಕೊಡುವ ಗೆಳೆಯರೊಬ್ಬರಿಂದ ನನಗೊಂದು ಸಂಗತಿ ತಿಳಿಯಿತು. ಅವರ ಪದ್ಧತಿಯಲ್ಲಿ ಸಾಲಿನಲ್ಲಿ ನಿಂತ ಯಾವ ಕೆಲಸಗಾರನಾದರೂ ದೋಷ ಕಂಡರೆ ಹಗ್ಗ ಎಳೆಯಬಹುದು. ಮೇಲಿನವನು ಓಡಿಬರುತ್ತಾನೆ, ಅಷ್ಟರಲ್ಲಿ ಸರಿಹೋಗದಿದ್ದರೆ ಸಾಲೇ ನಿಲ್ಲುತ್ತದೆ. ಇದರ ಬೇರು ಇರುವುದು ಮಗ್ಗದಲ್ಲಂತೆ. ಆ ಮನೆತನದ ಸಕಿಚಿ ಟೊಯೋಡಾ ನೂಲು ಹರಿದ ಕೂಡಲೇ ತಾನಾಗಿ ನಿಲ್ಲುವ ಮಗ್ಗವನ್ನು ಮಾಡಿದ್ದರು. 1924ರ ಅವರ ಜಿ ಮಾದರಿಯ ಮಗ್ಗ ಜಗತ್ತಿಗೇ ಹೆಸರಾಯಿತು. ನೂಲು ಹರಿದ ಮೇಲೂ ಓಡುವ ಮಗ್ಗ ಕೆಟ್ಟ ಬಟ್ಟೆಯನ್ನು ನೇಯುತ್ತಲೇ ಹೋಗುತ್ತದೆ. ಅಷ್ಟು ದೊಡ್ಡ ಕಂಪನಿ ಇದನ್ನೇ ನೆಚ್ಚಿಕೊಂಡಿದೆ ಎಂದು ಕೇಳಿದಾಗ ನಮ್ಮ ಯಜಮಾನರು ನೆನಪಾದರು. ಅವರು ಇದನ್ನು ಯಾವ ಪುಸ್ತಕದಿಂದಲೂ ಕಲಿತವರಲ್ಲ.

ಪೀಸಿನ ವಿಷಯ ಹೇಳುವುದು ಸುಲಭ. ತನ್ನ ಮನಸ್ಸಿನ ವಿಷಯ ಹೇಳುವುದು ಕಷ್ಟ. ಸಿಎನ್‌ಸಿ ಬಂದಾಗ ನಾನಿದನ್ನು ಕಂಡೆ. ಪೀಣ್ಯದಲ್ಲೇ ತಯಾರಾಗುವ ಸಿಎನ್‌ಸಿ ಲೇತೊಂದನ್ನು ಸಾಲ ಮಾಡಿ ತರುವುದೆಂದು ತೀರ್ಮಾನಿಸಿದ ಮೇಲೆ ನಮ್ಮ ಹಿರಿಯ ಮೇಸ್ತ್ರಿ ಮಾತು ಕಡಿಮೆ ಮಾಡಿದರು. ಗಂಟೆ ಹೊಡೆಯುವ ಮೊದಲೇ ಬರುತ್ತಿದ್ದವರು ತಡವಾಗಿ ಬರತೊಡಗಿದರು. ಲೇತು ಕೂಗುವ ಸದ್ದಿನಲ್ಲೇ ಟೂಲು ಮೊಂಡಾಗಿದೆ ಎಂದು ಹೇಳಬಲ್ಲ ಮನುಷ್ಯ. ಒಂದು ಸಂಜೆ ಟೀ ಅಂಗಡಿಗೆ ಕರೆದುಕೊಂಡು ಹೋಗಿ, ಏನು ಮೇಸ್ತ್ರಿ ಸಮಾಚಾರ ಎಂದು ಕೇಳಿ ಸುಮ್ಮನೆ ಕೂತೆ. ಬಹಳ ಹೊತ್ತಿನ ಮೇಲೆ ಅಂದರು: 'ಸಾರ್, ನಮ್ಮ ಕೈಗೆ ಇನ್ನು ಕೆಲಸ ಇದೆಯಾ, ಇಲ್ವಾ? ಇದ್ದಿದ್ದು ಇದ್ದ ಹಾಗೆ ಹೇಳ್ಬಿಡಿ.'

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೈಲೇತಿನ ಕೆಲಸ ಕಡಿಮೆಯಾಗುತ್ತಾ ಹೋಗುತ್ತದೆ, ಅದನ್ನು ತಡೆಯಲು ನನ್ನಿಂದ ಆಗದು. ಸಿಎನ್‌ಸಿಗೆ ಡಿಪ್ಲೊಮಾ ಓದಿದ ಹುಡುಗರು ಬರುತ್ತಾರೆ, ಪ್ರೋಗ್ರಾಂ ಬರೆಯುತ್ತಾರೆ. ಆದರೆ ಮೊದಲ ಪೀಸು ಸರಿಯಿದೆಯೋ ಇಲ್ಲವೋ ಎಂದು ನೋಡುವ ಕಣ್ಣು ಅವರಿಗಿನ್ನೂ ಬಂದಿರುವುದಿಲ್ಲ. ಯಾವ ಲಾಟ್ ಶುರುವಾಗಬೇಕಾದರೂ ಮೊದಲ ಪೀಸಿನ ಚೀಟಿಗೆ ನಿಮ್ಮ ಸೈನ್ ಬೀಳಬೇಕು, ನಿಮ್ಮ ಸೈನ್ ಇಲ್ಲದೆ ನಾನು ಹೇಳಿದರೂ ಮಷಿನ್ ಓಡುವುದಿಲ್ಲ ಅಂದೆ.

ಆ ಮಾತಿನ ಕೊನೆಯ ಭಾಗ ಬಹಳ ಬೇಗ ಪರೀಕ್ಷೆಗೆ ಬಂತು. ಶನಿವಾರ ಸಂಜೆ, ಲಾರಿ ಹೊರಗೆ ನಿಂತಿದೆ, ಗಿರಾಕಿಯ ಕಡೆಯಿಂದ ಫೋನಿನ ಮೇಲೆ ಫೋನು. ಮೊದಲ ಪೀಸಿನ ಮೇಲ್ಮೈಯಲ್ಲಿ ಸಣ್ಣ ಅಲೆಯಂತೆ ಗುರುತು ಕಾಣುತ್ತಿದೆ ಎಂದು ಮೇಸ್ತ್ರಿ ಸೈನ್ ಹಾಕಲು ಒಪ್ಪಲಿಲ್ಲ. ಅಳತೆ ಸರಿ ಇದೆಯಲ್ಲ, ಬಿಡಿ ಮೇಸ್ತ್ರಿ ಅಂದೆ. ಅವರು ಪೆನ್ನನ್ನು ಮೇಜಿನ ಮೇಲಿಟ್ಟು, 'ನಿಮ್ಮ ಸೈನ್ ಬೇಕಾದ್ರೆ ಹಾಕ್ಕೊಳಿ ಸಾರ್. ನಂದು ಹಾಕಲ್ಲ' ಅಂದರು. ಹುಡುಗರೆಲ್ಲ ಕೈ ಬಿಟ್ಟು ನೋಡುತ್ತಾ ನಿಂತರು. ನಾನು ಲಾರಿಯವನಿಗೆ ಕಾಯಲು ಹೇಳಿದೆ. ಟೂಲ್ ಹೋಲ್ಡರಿನ ಒಂದು ಸ್ಕ್ರೂ ಸಡಿಲವಾಗಿತ್ತು. ಬಿಗಿ ಮಾಡಿ, ಹೊಸ ಪೀಸು ತೆಗೆದು, ಅವರು ಸೈನ್ ಹಾಕಿದ ಮೇಲೆ ಲಾಟ್ ಓಡಿತು. ಅಧಿಕಾರ ಕೊಟ್ಟೆ ಎಂದು ಬಾಯಲ್ಲಿ ಹೇಳುವುದು ಯಾರಿಗೂ ಕಷ್ಟವಲ್ಲ. ಕೊಟ್ಟ ಅಧಿಕಾರ ನಮ್ಮದೇ ಅವಸರಕ್ಕೆ ಅಡ್ಡ ಬಂದಾಗ ಸುಮ್ಮನಿರುವುದೇ ನಿಜವಾದ ಕೊಡುಗೆ. ಅವತ್ತಿನಿಂದ ಹುಡುಗರು ಮೇಸ್ತ್ರಿಯ ಸೈನಿಗೆ ಕೊಟ್ಟ ಬೆಲೆಯೇ ಬೇರೆ.

ಬಂಧುಗಳನ್ನು ಕೆಲಸಕ್ಕೆ ಇಟ್ಟುಕೊಳ್ಳುವ ವಿಷಯದಲ್ಲಿ ಒಂದೇ ಮಾತು ಸಾಕು. ಬಾಮೈದನನ್ನೋ ಅಣ್ಣನ ಮಗನನ್ನೋ ತಂದು ಸ್ಟೋರ್ಸಿನಲ್ಲಿ ಕೂರಿಸುವುದು ನಮ್ಮಲ್ಲಿ ಮಾಮೂಲು. ಕೂರಿಸಲಿ. ಆದರೆ ಅವನು ಮಾಲೀಕನ ಕಿವಿಯಾಗಿ ಕೂತರೆ ಉಳಿದವರೆಲ್ಲ ಬಾಯಿ ಮುಚ್ಚಿಕೊಳ್ಳುತ್ತಾರೆ. ನಮ್ಮ ಕಡೆಯವನೊಬ್ಬ ಇತರರ ಮೇಲೆ ಚಾಡಿ ಹೇಳಲು ಬಂದಾಗ ಸಂಬಂಧಪಟ್ಟವರನ್ನೂ ಕರೆಸಿ, ಅವರ ಎದುರಿಗೇ ಹೇಳು ಎನ್ನುವುದನ್ನು ನಾನು ರೂಢಿ ಮಾಡಿಕೊಂಡೆ. ಚಾಡಿ ತಾನಾಗಿ ನಿಂತುಹೋಯಿತು.

ಇನ್ನು ದುಡ್ಡಿನ ವಿಷಯ. ಪೀಣ್ಯದ ಸಣ್ಣ ಮಾಲೀಕರು ರಾತ್ರಿ ನಿದ್ದೆಗೆಡುವುದು ಕೆಲಸ ಇಲ್ಲ ಎಂದಲ್ಲ, ಮಾಡಿದ ಕೆಲಸದ ದುಡ್ಡು ಬಂದಿಲ್ಲ ಎಂದು. ಮಾಲು ತೆಗೆದುಕೊಂಡವರು 90 ದಿನ, 120 ದಿನ ಆಡಿಸುತ್ತಾರೆ. ಸ್ಟೀಲು ಕೊಟ್ಟವನಿಗೆ, ಬೆಸ್ಕಾಂಗೆ, ಬ್ಯಾಂಕಿಗೆ ಆ ಕತೆ ಬೇಕಿಲ್ಲ. ತಿಂಗಳ 7ನೇ ತಾರೀಖಿನೊಳಗೆ ಸಂಬಳ ಆಗಬೇಕೆಂದು 1936ರ ವೇತನ ಪಾವತಿ ಕಾಯ್ದೆಯ ಕಾಲದಿಂದಲೂ ನಿಯಮವಿದೆ. ಬಹಳ ಮಾಲೀಕರು ಇಲ್ಲಿ ಮಾಡುವುದೇನೆಂದರೆ, 6ನೇ ತಾರೀಖಿನ ಸಂಜೆಯವರೆಗೂ ನಗುನಗುತ್ತಾ ಓಡಾಡಿ, 7ರ ಬೆಳಗ್ಗೆ ಶೆಡ್ಡಿಗೇ ಬರುವುದಿಲ್ಲ. ಫೋನ್ ಸ್ವಿಚ್ ಆಫ್. ಮನೆ ಮಾಲೀಕನಿಗೆ ಮಾತು ಕೊಟ್ಟು ಬಂದ ಕೆಲಸಗಾರ ಆ ದಿನ ಪಡುವ ಅವಮಾನ ಎಂಥದ್ದೆಂದು ಆ ಜಾಗದಲ್ಲಿ ನಿಂತಿದ್ದ ನನಗೆ ಗೊತ್ತು.

ಅದಕ್ಕೇ ನಮ್ಮ ಶೆಡ್ಡಿನಲ್ಲಿ ಪ್ರತಿ ತಿಂಗಳ 1ನೇ ತಾರೀಖು ಬಿಳಿ ಬೋರ್ಡಿನ ಮೇಲೆ ಮೂರು ಸಾಲು ಬರೆಯುವ ಪದ್ಧತಿ ಮಾಡಿದೆ: ಬರಬೇಕಾದದ್ದು ಎಷ್ಟು, ಬಂದದ್ದು ಎಷ್ಟು, ಸಂಬಳಕ್ಕೆ ಬೇಕಾದದ್ದು ಎಷ್ಟು. ಸಾಲದಿದ್ದರೆ ಅದನ್ನು 3ನೇ ತಾರೀಖಿನೊಳಗೆ ಬಾಯಿಬಿಟ್ಟು ಹೇಳುವುದು. ಯಾವತ್ತು ಕೊಡುತ್ತೇವೆ ಎಂಬ ದಿನವನ್ನೂ ಹೇಳುವುದು. ಮೊದಲು ಚಿಕ್ಕ ಸಂಬಳದವರಿಗೆ, ಆಮೇಲೆ ದೊಡ್ಡ ಸಂಬಳದವರಿಗೆ, ನನ್ನ ಮನೆಗೆ ಕೊನೆಗೆ. ಲೆಕ್ಕ ತೋರಿಸಿದರೆ ಕೆಲಸಗಾರರು ತಲೆ ಮೇಲೆ ಕೂರುತ್ತಾರೆ ಎಂದು ಅಕ್ಕಪಕ್ಕದ ಶೆಡ್ಡಿನವರು ಎಚ್ಚರಿಸಿದ್ದರು. ನಮ್ಮಲ್ಲಿ ಹಾಗೇನೂ ಆಗಲಿಲ್ಲ. ಬಾಕಿ ಇಟ್ಟುಕೊಂಡ ಪಾರ್ಟಿಯ ಹೆಸರು ನೋಡಿ, 'ಅವರ ಮಾಲು ಕಳಿಸೋ ಮುಂಚೆ ಹಳೆ ದುಡ್ಡು ಕೇಳಿ ಸಾರ್' ಎಂದು ಪ್ಯಾಕಿಂಗ್ ಹುಡುಗನೇ ನನಗೆ ನೆನಪಿಸುವಂತಾಯಿತು.

ದೊಡ್ಡ ಗಿರಾಕಿಗೆ ಬಾಕಿ ಕೇಳುವುದೂ ಒಂದು ಕೆಟ್ಟ ಸುದ್ದಿ ಮುಟ್ಟಿಸಿದ ಹಾಗೆಯೇ. ನಾವು ಅದಕ್ಕೂ ಸಂಕೋಚಪಡುತ್ತೇವೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಘಟಕದ ಬಿಲ್ಲನ್ನು ಹೆಚ್ಚೆಂದರೆ 45 ದಿನಗಳಲ್ಲಿ ತೀರಿಸಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡಲು ಸರ್ಕಾರದ ಪೋರ್ಟಲ್ ಕೂಡ ಇದೆ. ಆದರೆ ಗಿರಾಕಿಯ ಮೇಲೆ ದೂರು ಕೊಟ್ಟು ಮತ್ತೆ ಅವನ ಬಾಗಿಲಿಗೆ ಹೋಗುವವರು ಯಾರು? ಆದಾಯ ತೆರಿಗೆಯ 43ಬಿ ಕಲಮಿಗೆ ಹೊಸ ಸೇರ್ಪಡೆ ಬಂದು, 2024ರ ಏಪ್ರಿಲ್ 1ರಿಂದ ಜಾರಿಯಾದ ಮೇಲೆ ಸ್ವಲ್ಪ ಉಸಿರಾಡುವಂತಾಗಿದೆ. ಅತಿ ಸಣ್ಣ, ಸಣ್ಣ ಘಟಕಗಳಿಗೆ ಕಾಲಮಿತಿಯೊಳಗೆ ದುಡ್ಡು ಕೊಡದಿದ್ದರೆ, ಕೊಡುವ ತನಕ ಆ ಖರ್ಚನ್ನು ದೊಡ್ಡವರು ತಮ್ಮ ತೆರಿಗೆ ಲೆಕ್ಕದಲ್ಲಿ ತೋರಿಸುವ ಹಾಗಿಲ್ಲ. ಇದನ್ನು ಬಳಸಿಕೊಳ್ಳಬೇಕಾದರೆ ನಿಮ್ಮ ಬಿಲ್ಲಿನ ಮೇಲೆ ಉದ್ಯಮ್ ನೋಂದಣಿ ಸಂಖ್ಯೆ ಇರಲಿ. ನೋಂದಣಿಗೆ ಒಂದು ರೂಪಾಯಿಯೂ ಖರ್ಚಿಲ್ಲ.

2020ರ ಮಾರ್ಚ್ 25ರಂದು ಲಾಕ್‌ಡೌನ್ ಆದಾಗ ಈ ಬೋರ್ಡಿನ ಅಭ್ಯಾಸವೇ ನಮ್ಮ ಕೈ ಹಿಡಿಯಿತು. ಶೆಡ್ಡಿಗೆ ಬೀಗ ಬಿದ್ದ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ ನನ್ನದೇ ದನಿಯಲ್ಲಿ ಲೆಕ್ಕ ಹೇಳಿದೆ. ಖಾತೆಯಲ್ಲಿ ಇಷ್ಟಿದೆ. ಮಾರ್ಚಿನ ಸಂಬಳ ಪೂರ್ತಿ ಕೊಡುತ್ತೇನೆ. ಏಪ್ರಿಲ್‌ನದು ಅರ್ಧ ಖಂಡಿತ. ಉಳಿದರ್ಧ ಕೆಲಸ ಶುರುವಾದ ಮೇಲೆ. ಯಾರನ್ನೂ ತೆಗೆಯುವುದಿಲ್ಲ. ಊರಿಗೆ ಹೋಗುವವರು ಹೋಗಿಬನ್ನಿ, ನಿಮ್ಮ ಜಾಗ ನಿಮಗೇ ಇರುತ್ತದೆ. ಒಡಿಶಾದ ಹುಡುಗರು ಮೇ ತಿಂಗಳಲ್ಲಿ ಶ್ರಮಿಕ್ ರೈಲು ಹತ್ತಿದರು. ಹೊರಡುವ ಮುನ್ನ ಫೋನ್ ಮಾಡಿ, ಕೋಣೆಯ ಬೀಗದ ಕೈ ಮೇಸ್ತ್ರಿಯ ಹತ್ತಿರ ಇದೆ ಎಂದು ಹೇಳಿದರು. ಆ ವರ್ಷ ಕೇಂದ್ರ ಸರ್ಕಾರ ತಂದ ತುರ್ತು ಸಾಲದ ಯೋಜನೆಯಲ್ಲಿ ಫೆಬ್ರವರಿ ಕೊನೆಗಿದ್ದ ಸಾಲದ 20 ಪರ್ಸೆಂಟಿನಷ್ಟು ಅಡಮಾನವಿಲ್ಲದೆ ಸಿಕ್ಕಿತು. ಅದರಿಂದ ಮೊದಲು ತೀರಿಸಿದ್ದು ಆ ಏಪ್ರಿಲ್‌ನ ಉಳಿದರ್ಧವನ್ನು. ದೀಪಾವಳಿಯ ಹೊತ್ತಿಗೆ ಹುಡುಗರಲ್ಲಿ ಬಹುಪಾಲು ಜನ ವಾಪಸಾಗಿದ್ದರು. ಅದೇ ಸಮಯದಲ್ಲಿ ನಮ್ಮ ರಸ್ತೆಯ ಎಷ್ಟೋ ಶೆಡ್ಡುಗಳ ಮುಂದೆ 'ಆಪರೇಟರ್ ಬೇಕಾಗಿದ್ದಾರೆ' ಎಂಬ ಹಲಗೆ ತೂಗುತ್ತಿತ್ತು.

ಎಲ್ಲಕ್ಕಿಂತ ಹೆಚ್ಚಾಗಿ ಬಚ್ಚಿಡುವುದು ಅಪಘಾತವನ್ನು. ಬೆರಳು ಹೋದರೆ ಬಚ್ಚಿಡಲಾಗದು. ಬೆರಳು ಹೋಗುವುದು ಸ್ವಲ್ಪದರಲ್ಲಿ ತಪ್ಪಿತಲ್ಲ, ಅದನ್ನು ಬಚ್ಚಿಡುತ್ತಾರೆ. ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ತುಂಬುತೋಳಿನ ಅಂಗಿ ಹಾಕಿಕೊಂಡು ಡ್ರಿಲ್ಲಿಂಗ್ ಮಷಿನಿನ ಮುಂದೆ ನಿಂತಿದ್ದ. ತಿರುಗುವ ಡ್ರಿಲ್ಲಿಗೆ ತೋಳಿನ ಗುಂಡಿ ಸಿಕ್ಕಿ ಬಟ್ಟೆ ಸುತ್ತಿಕೊಂಡಿತು. ಹಳೆಯ ಅಂಗಿ, ಭುಜದವರೆಗೆ ಪರ್‍ರನೆ ಹರಿದು ಕಿತ್ತುಬಂತು, ಕೈ ಉಳಿಯಿತು. ಯಾರಾದರೂ ಕೇಳಿದರೆ ಬಸ್ಸಿನಲ್ಲಿ ಹರಿಯಿತು ಎಂದು ಹೇಳಲು ನಿರ್ಧರಿಸಿದ್ದ. ಮೇಸ್ತ್ರಿ ಅವನ ಮುಂಗೈ ಮೇಲಿನ ಕೆಂಪು ಗೆರೆ ನೋಡಿ, ಹೆಗಲ ಮೇಲೆ ಕೈ ಹಾಕಿ ನನ್ನ ಹತ್ತಿರ ಕರೆತಂದರು. ಹುಡುಗ ನಡುಗುತ್ತಿದ್ದ. ಹೆದರಿದ್ದು ಡ್ರಿಲ್ಲಿಗಲ್ಲ, ಕೆಲಸ ಹೋಗುತ್ತದೆಂದು. ಯಾವಾಗ ಆಯ್ತಪ್ಪಾ ಎಂದು ಕೇಳಿದೆ. ಬೆಳಗ್ಗೆ ಅಂದ. ಅಂದರೆ ಅರ್ಧ ದಿನ ಅದೇ ಮಷಿನಿನ ಮುಂದೆ ಇನ್ನೊಬ್ಬನೂ ತುಂಬುತೋಳಿನಲ್ಲಿ ಕೆಲಸ ಮಾಡಿದ್ದ.

ಎಲ್ಲ ಮಷಿನ್ ನಿಲ್ಲಿಸಿದೆ. ಹುಡುಗ ತಾನೇ ಆ ಹರಿದ ತೋಳನ್ನು ಹಿಡಿದು ನಡೆದದ್ದನ್ನು ಎಲ್ಲರಿಗೂ ಹೇಳಿದ. ಮಾರನೇ ದಿನವೇ ಅರ್ಧತೋಳಿನ ಅಂಗಿಗಳನ್ನು ಹೊಲಿಯಲು ಕೊಟ್ಟೆವು, ಡ್ರಿಲ್ಲಿಗೆ ಗಾರ್ಡ್ ಹಾಕಿಸಿದೆವು, ತಿರುಗುವ ಮಷಿನಿನ ಹತ್ತಿರ ಗ್ಲೌಸ್ ಹಾಕಬಾರದೆಂದು ಕಟ್ಟುನಿಟ್ಟು ಮಾಡಿದೆವು. ಅಂದಿನಿಂದ 'ಸ್ವಲ್ಪದರಲ್ಲಿ ತಪ್ಪಿದ್ದು' ಎಂದು ಬರೆಯಲು ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಹೆಸರು ಬರೆಯುವ ಹಾಗಿಲ್ಲ. ಹೊತ್ತು, ಮಷಿನು, ಏನಾಯಿತು ಇಷ್ಟೇ. ಅದು ಬೇಗ ತುಂಬುತ್ತದೆ. ತುಂಬುವುದು ನನಗೆ ಸಮಾಧಾನ. ಖಾಲಿ ಬಿದ್ದಿದ್ದರೆ ಚಿಂತೆ ಆಗುತ್ತಿತ್ತು.

ಸಣ್ಣ ಶೆಡ್ ನಡೆಸುವ ಗೆಳೆಯರಲ್ಲಿ ಒಂದು ಕೇಳಿಕೆ ಇದೆ. ನಮ್ಮಲ್ಲಿ ಹೊಸ ಹುಡುಗರನ್ನು ಮೂರು ತಿಂಗಳು 'ನೋಡೋಣ' ಎಂದು ಇಟ್ಟುಕೊಂಡು, ಆಮೇಲೆ ಇಎಸ್‌ಐಗೆ ಹೆಸರು ಕಳಿಸುವ ಚಾಳಿ ಇದೆ. ಕೈಗೆ ಪೆಟ್ಟು ಮಾಡಿಕೊಳ್ಳುವವರು ಆ ಮೂರು ತಿಂಗಳಿನ ಹುಡುಗರೇ. ಕೆಲಸ ಇನ್ನೂ ಮೈಗೆ ಹತ್ತಿರುವುದಿಲ್ಲ. ಹತ್ತು ಜನರಿರುವ ಘಟಕಕ್ಕೆ ಇಎಸ್‌ಐ ಅನ್ವಯಿಸುತ್ತದೆ. ತಿಂಗಳ ಸಂಬಳ 21,000 ರೂಪಾಯಿಯೊಳಗಿನವರಿಗೆ ನಾವು ಕಟ್ಟಬೇಕಾದದ್ದು ಸಂಬಳದ 3.25 ಪರ್ಸೆಂಟ್, ಅವರದು 0.75. ಕೆಲಸದಲ್ಲಿ ಪೆಟ್ಟಾದರೆ ಸೇರಿದ ಮೊದಲ ದಿನದಿಂದಲೇ ರಕ್ಷಣೆ ಇದೆ. ಮಲಗಿರುವಷ್ಟು ದಿನ ಸಂಬಳದ 90 ಪರ್ಸೆಂಟ್ ಬರುತ್ತದೆ. ದಯವಿಟ್ಟು ಬೆಳಗ್ಗೆ ಸೇರಿದವನ ಹೆಸರನ್ನು ಅವತ್ತು ಸಂಜೆಯೊಳಗೆ ಸೇರಿಸಿ.